ಸುಟ್ಟಿದ್ದು ಒಂದು, ಕೆಟ್ಟಿದ್ದು ಇನ್ನೊಂದು

"ಔಟ್‌ಪುಟ್ ಹೋಗಿದೆ." ಆಂಪ್ಲಿಫೈಯರ್ ರಿಪೇರಿಗೆ ಕೊಟ್ಟವರೆಲ್ಲ ಈ ಮಾತನ್ನು ಒಂದಲ್ಲ ಒಂದು ದಿನ ಕೇಳಿಯೇ ಇರುತ್ತಾರೆ. ಬಿಸಿ ಹೊರಹಾಕುವ ಹೀಟ್‌ಸಿಂಕಿಗೆ ಬಿಗಿದಿರುವ ದೊಡ್ಡ ಟ್ರಾನ್ಸಿಸ್ಟರ್‌ಗಳು ಷಾರ್ಟ್ ಆಗಿವೆ ಅಂತ ಅದರ ಅರ್ಥ. ಅಂಗಡಿಯವರು ಅವನ್ನು ಕಿತ್ತು ಹೊಸದು ಹಾಕುತ್ತಾರೆ. ಒಂದು ಹಾಡು ಹಾಕಿ ಕೇಳಿಸುತ್ತಾರೆ. ನಾವು ದುಡ್ಡು ಕೊಟ್ಟು ಮನೆಗೆ ತರುತ್ತೇವೆ. ಕೆಲವು ತಿಂಗಳು ಎಲ್ಲ ಸರಿ ಇರುತ್ತದೆ. ಆಮೇಲೊಂದು ದಿನ ಸುಟ್ಟ ವಾಸನೆ, ಫ್ಯೂಸ್ ಹೋಗಿರುತ್ತದೆ, ಮತ್ತೆ ಅದೇ ಅಂಗಡಿ, ಮತ್ತೆ ಅದೇ ಮಾತು. ನಮ್ಮ ಮಾವನ ಆಂಪ್ಲಿಫೈಯರ್ ವರ್ಷಗಟ್ಟಲೆ ಈ ಸುತ್ತಿನಲ್ಲೇ ಸಿಕ್ಕಿಕೊಂಡಿತ್ತು. ಊರಿಗೆ ಹೋದಾಗಲೆಲ್ಲ ಅದರ ಕತೆ ಕೇಳುತ್ತಿದ್ದೆ. ಕೇಳಿದಾಗಲೆಲ್ಲ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಟ್ರಾನ್ಸಿಸ್ಟರ್ ಹೋಯಿತು, ಸರಿ. ಆದರೆ ಯಾಕೆ ಹೋಯಿತು? ಒಳ್ಳೆಯ ಟ್ರಾನ್ಸಿಸ್ಟರ್ ಸುಮ್ನೆ ಸಾಯುವುದಿಲ್ಲ. ಅದಕ್ಕೆ ಮಿತಿಯೊಳಗಿನ ಕರೆಂಟು, ಮಿತಿಯೊಳಗಿನ ಬಿಸಿ ಇದ್ದರೆ ನಮ್ಮ ಆಯುಸ್ಸಿಗಿಂತ ಜಾಸ್ತಿ ಬಾಳುತ್ತದೆ. ಪದೇ ಪದೇ ಹೋಗುತ್ತಿದೆ ಅಂದರೆ ಬೇರೆ ಯಾವುದೋ ಪಾರ್ಟು ಅದನ್ನು ಪದೇ ಪದೇ ಕೊಲ್ಲುತ್ತಿದೆ ಅಂತಲೇ ಲೆಕ್ಕ.

ಮಸ್ಕತ್ತಿನಿಂದ ಬಂದ ಪೆಟ್ಟಿಗೆ

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂಬತ್ತರ ದಶಕದಲ್ಲಿ ಗಲ್ಫ್‌ಗೆ ಹೋದವರು ರಜೆಗೆ ಬರುವಾಗ ಏನೇನು ತರುತ್ತಿದ್ದರು ಅಂತ ಉಡುಪಿ, ಕುಂದಾಪುರದ ಮನೆಮನೆಗೂ ಗೊತ್ತು. ಹೆಚ್ಚಿನವರು ತಂದಿದ್ದು ಟೂ-ಇನ್-ಒನ್. ಮಸ್ಕತ್ತಿನಲ್ಲಿದ್ದ ನಮ್ಮ ಮಾವ ತಂದಿದ್ದು ಬಿಡಿ ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್, ಒಂದು ಜೊತೆ ಸ್ಪೀಕರ್. ಜಪಾನಿನ ಮಾಲು. ಮುಂದೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಫಲಕ, ದೊಡ್ಡ ವಾಲ್ಯೂಮ್ ನಾಬ್. ಹಿಂದೆ 110, 127, 220, 240 ಅಂತ ತಿರುಗಿಸುವ ವೋಲ್ಟೇಜ್ ಸೆಲೆಕ್ಟರ್. ಟ್ರಾನ್ಸ್‌ಫಾರ್ಮರ್ ಒಂದು ಬದಿಗಿರುವುದರಿಂದ ಎತ್ತುವಾಗ ಆ ಕಡೆಗೇ ವಾಲುತ್ತದೆ. (ನಮ್ಮಲ್ಲಿ 230 ವೋಲ್ಟ್ ಇರುವುದರಿಂದ ಇಂಥ ಸೆಲೆಕ್ಟರನ್ನು 220ರಲ್ಲಿ ಬಿಡುವ ಬದಲು 240ಕ್ಕೆ ಇಡುವುದು ವಾಸಿ. ಒಳಗಿನ ವೋಲ್ಟೇಜು ಸ್ವಲ್ಪ ಇಳಿಯುತ್ತದೆ, ಕಿವಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಹಳೆಯ ಪಾರ್ಟುಗಳಿಗೆ ಭಾರ ಕಡಿಮೆ.)

ಮಾವ ಅದರಲ್ಲಿ ಕೇಳುತ್ತಿದ್ದುದು ಮುಖ್ಯವಾಗಿ ಯಕ್ಷಗಾನ. ತಾಳಮದ್ದಳೆ, ಆಟದ ಕ್ಯಾಸೆಟ್ಟುಗಳು ಬೀರುವಿನ ಎರಡು ಖಾನೆ ತುಂಬ ಇದ್ದವು. ಯಕ್ಷಗಾನವನ್ನು ಮೆಲ್ಲಗೆ ಕೇಳಲಿಕ್ಕೆ ಬರುವುದಿಲ್ಲ ಅನ್ನುವುದು ಅವರ ವಾದ. ನನಗೂ ಅದು ಒಪ್ಪಿಗೆಯೇ. ಚೆಂಡೆಯ ಪೆಟ್ಟು ಅಷ್ಟು ಚುರುಕಾಗಿ ಎದ್ದು ಬೀಳುತ್ತದಲ್ಲ, ಅದಕ್ಕೆ ಆಂಪ್ಲಿಫೈಯರ್‌ನಲ್ಲಿ ಒಂದಿಷ್ಟು ಉಸಿರು ಉಳಿದಿರಬೇಕು. ಸಣ್ಣ ಸೆಟ್ಟುಗಳಲ್ಲಿ ಚೆಂಡೆ ತಗಡು ಬಡಿದ ಹಾಗೆ ಕೇಳುತ್ತದೆ. ಮಾವನ ಸೆಟ್ಟಿನಲ್ಲಿ ಚೆಂಡೆ ಚೆಂಡೆಯ ಹಾಗೇ ಕೇಳುತ್ತಿತ್ತು.

ಮೊದಲ ಸಲ ಔಟ್‌ಪುಟ್ ಹೋದಾಗ ಅಂಗಡಿಯವರು ಹೇಳಿದ್ದು, "ನೀವು ಜೋರಾಗಿ ಹಾಕ್ತೀರಿ, ಅದಕ್ಕೆ ಹೋಗಿದೆ." ಎರಡನೆಯ ಸಲವೂ ಅದೇ ಮಾತು. ಅಲ್ಲಿಂದ ಮಾವ ವಾಲ್ಯೂಮ್ ಕಡಿಮೆ ಮಾಡುತ್ತಾ ಬಂದರು. ನಾನು ಬೆಂಗಳೂರಿನಿಂದ ಹೋದಾಗಲೆಲ್ಲ ನೋಡುತ್ತಿದ್ದೆ, ನಾಬ್ ಮೇಲಿನ ಗೀಟು ಪ್ರತಿ ವರ್ಷವೂ ಇನ್ನಷ್ಟು ಕೆಳಗೆ. ಕಡೆಕಡೆಗೆ ಚಾವಡಿಯಲ್ಲಿ ಕೂತರೆ ಭಾಗವತರ ಪದ ಅರ್ಧ ಕೇಳುತ್ತಿತ್ತು, ಅರ್ಧ ಫ್ಯಾನಿನ ಸದ್ದಿಗೆ ಹೋಗುತ್ತಿತ್ತು. ಇಷ್ಟಾದರೂ ಟ್ರಾನ್ಸಿಸ್ಟರ್ ಹೋಗುವುದು ನಿಲ್ಲಲಿಲ್ಲ.

ಮುಚ್ಚಳ ತೆಗೆಯುವ ಮೊದಲು

ಕಳೆದ ಮಳೆಗಾಲದಲ್ಲಿ ಅದು ಮತ್ತೆ ಹೋದಾಗ, ಅಂಗಡಿಗೆ ಕೊಡುವುದು ಬೇಡ, ನಾನು ನೋಡುತ್ತೇನೆ ಅಂದೆ. ಮುಚ್ಚಳ ತೆಗೆಯುವ ಮೊದಲು ಮಾವನನ್ನು ಕೂರಿಸಿಕೊಂಡು ವಿಚಾರಿಸಿದೆ. ರಿಪೇರಿಯಲ್ಲಿ ಇದು ಎಲ್ಲಕ್ಕಿಂತ ಅಗ್ಗದ ಕೆಲಸ, ಆದರೂ ಮಾಡುವವರು ಕಡಿಮೆ.

"ಹೋಗುವಾಗ ಯಾವ ಕ್ಯಾಸೆಟ್ ಹಾಕಿದ್ರಿ ಮಾವ? ಜೋರಾಗಿ ಇತ್ತಾ?"

"ಇಲ್ಲ ಮಾರಾಯ್ತಿ. ಸುಮ್ನೆ ಆನ್ ಮಾಡಿ ಇಟ್ಟಿದ್ದೆ, ಅಷ್ಟೆ. ಚಾ ಕುಡೀಲಿಕ್ಕೆ ಒಳಗೆ ಹೋದೆ. ಬರುವಾಗ ಸುಟ್ಟ ವಾಸನೆ."

"ಅದಕ್ಕಿಂತ ಹಿಂದಿನ ಸಲ?"

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಅದೂ ಹಾಗೇ. ಕ್ಯಾಸೆಟ್ ಮುಗಿದಿತ್ತು. ಆಫ್ ಮಾಡಲಿಕ್ಕೆ ಮರೆತು ಊಟಕ್ಕೆ ಕೂತಿದ್ದೆ."

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಹಾಡು ಜೋರಾಗಿ ಇರುವಾಗ ಟ್ರಾನ್ಸಿಸ್ಟರ್ ಹೋದರೆ ಸ್ಪೀಕರ್ ವೈರ್ ಷಾರ್ಟ್ ಆಗಿರಬಹುದು, ಸ್ಪೀಕರಿನ ತಡೆ (ಓಮ್) ಕಡಿಮೆ ಇರಬಹುದು, ಹೀಟ್‌ಸಿಂಕ್ ಸಾಲದೆ ಇರಬಹುದು. ಸದ್ದೇ ಇಲ್ಲದಾಗ, ಸುಮ್ನೆ ಆನ್ ಇದ್ದಾಗ ಹೋಗಿದೆ ಅಂದರೆ ಅನುಮಾನ ಬೇರೆ ಕಡೆಗೆ ತಿರುಗಬೇಕು. ಆಂಪ್ಲಿಫೈಯರ್ ಸುಮ್ಮನಿರುವಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಮೂಲಕ ಒಂದು ಸಣ್ಣ ಕರೆಂಟು ಹರಿಯುತ್ತಲೇ ಇರುತ್ತದೆ. ಅದಕ್ಕೆ ಬಯಾಸ್ ಅನ್ನುತ್ತಾರೆ. ಸದ್ದಿನ ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ನೋಡಿಕೊಳ್ಳುತ್ತದೆ. ಒಂದು ಬಿಟ್ಟು ಇನ್ನೊಂದು ಹಿಡಿಯುವ ಜಾಗದಲ್ಲಿ ತೊಡರಬಾರದು ಅಂತ ಎರಡನ್ನೂ ಸ್ವಲ್ಪ ಎಚ್ಚರವಾಗಿಯೇ ಇಟ್ಟಿರುತ್ತಾರೆ. ಈ ಕರೆಂಟು ಮಾವನ ಸೆಟ್ಟಿನಂಥದ್ದರಲ್ಲಿ ಸುಮಾರು 50 ಮಿಲಿಆಂಪ್ ಇದ್ದರೆ ಸಾಕು. ಅದರೊಳಗಿನ ಸಪ್ಲೈ ಪ್ಲಸ್ 45, ಮೈನಸ್ 45, ಒಟ್ಟು 90 ವೋಲ್ಟ್‌ಗೆ ಲೆಕ್ಕ ಹಾಕಿದರೆ ಎರಡು ಟ್ರಾನ್ಸಿಸ್ಟರ್‌ಗಳಿಗೆ ಸೇರಿ ನಾಲ್ಕೂವರೆ ವ್ಯಾಟ್ ಬಿಸಿ. ಹೀಟ್‌ಸಿಂಕ್ ಬೆಚ್ಚಗಿರುತ್ತದೆ, ಅಷ್ಟೆ. ಅದೇ ಕರೆಂಟು ಯಾವುದೋ ಕಾರಣಕ್ಕೆ 2 ಆಂಪ್‌ಗೆ ಏರಿದರೆ? 180 ವ್ಯಾಟ್. ಸ್ಪೀಕರ್‌ನಲ್ಲಿ ಸದ್ದಿಲ್ಲ, ಚೆಂಡೆಯಿಲ್ಲ, ಭಾಗವತರಿಲ್ಲ. ಎಲ್ಲ ಆ ಎರಡು ಟ್ರಾನ್ಸಿಸ್ಟರ್‌ಗಳ ಒಳಗೇ ಬೇಯುತ್ತದೆ.

ಸ್ಪೀಕರ್‌ಗೆ ಏನೂ ಆಗಿರಲಿಲ್ಲ ಅನ್ನುವುದು ಅಂಗಡಿಯವರಿಗೂ, ಮಾವನಿಗೂ ಸಮಾಧಾನದ ವಿಷಯವಾಗಿತ್ತು. ಆನ್ ಮಾಡಿ ಕೆಲವು ಸೆಕೆಂಡ್ ಆದ ಮೇಲೆ 'ಟಿಕ್' ಅನ್ನುವ ರಿಲೇ ಇದೆಯಲ್ಲ, ಅದು ಔಟ್‌ಪುಟ್‌ನಲ್ಲಿ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಬಂದ ಕೂಡಲೇ ಸ್ಪೀಕರನ್ನು ಬಿಡಿಸಿಬಿಡುತ್ತದೆ. ಆದರೆ ಅದು ಕಾಯುವುದು ಸ್ಪೀಕರನ್ನು. ಟ್ರಾನ್ಸಿಸ್ಟರನ್ನು ಕಾಯುವವರು ಆ ಪೆಟ್ಟಿಗೆಯಲ್ಲಿ ಯಾರೂ ಇರಲಿಲ್ಲ.

ಮುಚ್ಚಳ ತೆಗೆದ ಮೇಲೆ ಮೊದಲು ಫಿಲ್ಟರ್ ಕೆಪಾಸಿಟರ್‌ಗಳನ್ನು ಖಾಲಿ ಮಾಡಿದೆ. ಫ್ಯೂಸ್ ಹೋದ ಸೆಟ್ಟು ಸತ್ತಿದೆ ಅಂತ ಕೈಹಾಕುವುದು ತಪ್ಪು. 10,000 ಮೈಕ್ರೋಫ್ಯಾರಡ್‌ನ ಎರಡು ಡಬ್ಬಿಗಳು 45 ವೋಲ್ಟ್ ಹಿಡಿದುಕೊಂಡು ಕೂತಿರಬಹುದು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ದಪ್ಪ ರೆಸಿಸ್ಟರ್‌ಗೆ ವೈರ್ ಬೆಸೆದು ಇಟ್ಟುಕೊಳ್ಳಿ. ಅದನ್ನು ಸ್ವಲ್ಪ ಹೊತ್ತು ಹಿಡಿದು, ಮಲ್ಟಿಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಇಡಿ.

ಒಳಗೆ ಹಿಂದಿನ ರಿಪೇರಿಗಳ ಗುರುತು ಎದ್ದು ಕಾಣುತ್ತಿತ್ತು. ಎಡ ಚಾನೆಲ್‌ನಲ್ಲಿ ಕಂಪನಿಯವರು ಹಾಕಿದ ಟ್ರಾನ್ಸಿಸ್ಟರ್‌ಗಳೇ, ಕಂಪನಿಯ ಬೆಸುಗೆಯೇ. ಬಲ ಚಾನೆಲ್‌ನಲ್ಲಿ ಬೋರ್ಡಿನ ತಾಮ್ರ ಅಲ್ಲಲ್ಲಿ ಎದ್ದು, ಫ್ಲಕ್ಸ್ ಕಪ್ಪಾಗಿ, ಮೈಕಾ ಹಾಳೆಯ ಅಂಚು ಹರಿದಿತ್ತು. ಎಲ್ಲ ಸಲವೂ ಬಲ ಚಾನೆಲ್ಲೇ ಹೋಗಿದೆ. ಮಾವ ಜೋರಾಗಿ ಹಾಕುವುದೇ ಕಾರಣ ಆಗಿದ್ದರೆ ಎಡಕ್ಕೂ ಒಮ್ಮೆಯಾದರೂ ಪೆಟ್ಟು ಬೀಳಬೇಕಿತ್ತು. ವಾಲ್ಯೂಮ್ ನಾಬ್ ಎರಡೂ ಚಾನೆಲ್‌ಗೆ ಒಂದೇ ಅಲ್ವಾ?

ಬಸ್‌ಸ್ಟ್ಯಾಂಡ್ ಪಕ್ಕದ ಬಲ್ಬು

ನಾನು ಚಿಕ್ಕವಳಿದ್ದಾಗ ನಮ್ಮೂರಿನ ಬಸ್‌ಸ್ಟ್ಯಾಂಡ್ ಪಕ್ಕ ಒಂದು ರೇಡಿಯೋ ಅಂಗಡಿ ಇತ್ತು. ಅಂಗಡಿ ಅಂದರೆ ಒಂದು ಮೇಜು, ಒಂದು ಸ್ಟೂಲು, ಸುತ್ತ ಮುಚ್ಚಳ ತೆಗೆದ ರೇಡಿಯೋಗಳು. ಮೇಜಿನ ಮೇಲೆ ಮರದ ಹಲಗೆಗೆ ಒಂದು ಬಲ್ಬ್ ಹೋಲ್ಡರ್, ಒಂದು ಪ್ಲಗ್ ಪಾಯಿಂಟ್ ಬಿಗಿದಿದ್ದರು. ಶಾಲೆಯಿಂದ ಬಸ್ಸಿಗೆ ಕಾಯುವಾಗ ನಾನು ಅಲ್ಲೇ ನಿಂತಿರುತ್ತಿದ್ದೆ. ಯಾರೇ ಸೆಟ್ಟು ತಂದುಕೊಟ್ಟರೂ ಅವರು ಅದನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕುತ್ತಿರಲಿಲ್ಲ. ಮೊದಲು ಆ ಹಲಗೆಗೆ. ಸ್ವಿಚ್ ಹಾಕಿ ಬಲ್ಬನ್ನು ನೋಡುವರು, ಸೆಟ್ಟನ್ನಲ್ಲ. ಒಮ್ಮೆ ಬಲ್ಬ್ ಪೂರ್ತಿ ಉರಿದಾಗ ಸೆಟ್ಟಿನ ಯಜಮಾನರು "ಓ, ಲೈಟ್ ಬಂತು" ಅಂತ ಖುಷಿಪಟ್ಟರು. ಇವರು ಥಟ್ಟನೆ ಸ್ವಿಚ್ ತೆಗೆದು, "ಲೈಟ್ ಬರಬಾರದು ಭಟ್ರೇ, ಬಂದ್ರೆ ಒಳಗೆ ಷಾರ್ಟ್" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಮಿನುಗಿ ಆರಬೇಕು, ನೋಡು" ಅಂತ ಒಳ್ಳೆಯ ಸ್ಥಿತಿಯಲ್ಲಿದ್ದ ಇನ್ನೊಂದು ರೇಡಿಯೋ ಹಾಕಿ ತೋರಿಸಿದರು. ಬಲ್ಬ್ ಒಂದು ಕ್ಷಣ ಕೆಂಪಗೆ ಮಿನುಗಿ, ಮಂಕಾಗಿ ಆರಿತು. ರೇಡಿಯೋ ಮಾತಾಡಿತು.

ಆ ಹಲಗೆಗೆ ಸೀರೀಸ್ ಬಲ್ಬ್ ಅನ್ನುತ್ತಾರೆ. ಇವತ್ತಿಗೂ ಆಂಪ್ಲಿಫೈಯರ್ ರಿಪೇರಿಗೆ ಅದಕ್ಕಿಂತ ಉಪಕಾರಿಯಾದ ಸಾಧನ ನನಗೆ ಗೊತ್ತಿಲ್ಲ. ಸೆಟ್ಟಿಗೆ ಹೋಗುವ ಕರೆಂಟೆಲ್ಲ ಬಲ್ಬಿನ ಮೂಲಕವೇ ಹೋಗಬೇಕು. ಒಳಗೆ ಷಾರ್ಟ್ ಇದ್ದರೆ 230 ವೋಲ್ಟೂ ಬಲ್ಬಿನ ಮೇಲೇ ಬೀಳುತ್ತದೆ. 100 ವ್ಯಾಟ್ ಬಲ್ಬ್ ಆದರೆ ಅರ್ಧ ಆಂಪ್‌ಗಿಂತ ಕಡಿಮೆ ಕರೆಂಟು ಬಿಡುತ್ತದೆ. ಅಷ್ಟರಲ್ಲಿ ಏನೂ ಸುಡುವುದು ಕಷ್ಟ. ಸೆಟ್ಟು ಸರಿ ಇದ್ದರೆ ಬಲ್ಬ್ ಆರಿಯೇ ಇರುತ್ತದೆ. ಆರಿರುವ ಫಿಲಮೆಂಟಿನ ತಡೆ ಉರಿಯುವ ಫಿಲಮೆಂಟಿನ ಸುಮಾರು ಹತ್ತನೇ ಒಂದರಷ್ಟು ಮಾತ್ರ, ಹಾಗಾಗಿ ಸೆಟ್ಟಿಗೆ ಬೇಕಾದ ವೋಲ್ಟೇಜು ಹೆಚ್ಚುಕಡಿಮೆ ಪೂರ್ತಿ ಸಿಗುತ್ತದೆ. ಈ ಗುಣ ಇರುವುದು ಹಳೆಯ ಫಿಲಮೆಂಟ್ ಬಲ್ಬಿಗೆ ಮಾತ್ರ. ಎಲ್‌ಇಡಿ ಬಲ್ಬ್ ಹಾಕಿದರೆ ಇದು ಯಾವುದೂ ನಡೆಯುವುದಿಲ್ಲ. ಹಳೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ 60, 100 ವ್ಯಾಟಿನ ಬಲ್ಬು ಕಂಡರೆ ಒಂದೆರಡು ತಂದಿಟ್ಟುಕೊಳ್ಳಿ.

ಬಲ ಚಾನೆಲ್‌ನ ಸತ್ತ ಔಟ್‌ಪುಟ್ ಜೋಡಿಯನ್ನು ಕಿತ್ತು ಪಕ್ಕಕ್ಕಿಟ್ಟೆ. ಹೊಸದು ಹಾಕಲಿಲ್ಲ. ಫ್ಯೂಸ್ ಹಾಕಿ, ಸೀರೀಸ್ ಬಲ್ಬಿನ ಮೂಲಕ ಆನ್ ಮಾಡಿದೆ. ಮಿನುಗಿ ಆರಿತು.

ಯಾರನ್ನು ನಂಬುವುದು

ಆಂಪ್ಲಿಫೈಯರ್ ರಿಪೇರಿ ರೇಡಿಯೋ ರಿಪೇರಿಗಿಂತ ಯಾಕೆ ಕಷ್ಟ ಅಂತ ಬಹಳ ದಿನ ಯೋಚಿಸಿದ್ದೇನೆ. ಹಳೆಯ ರೇಡಿಯೋದಲ್ಲಿ ಸಿಗ್ನಲ್ ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಮುಟ್ಟುತ್ತದೆ. ದಾರಿಯಲ್ಲಿ ಎಲ್ಲಿ ನಿಂತಿದೆ ಅಂತ ಹಿಡಿದರೆ ಮುಗಿಯಿತು. ಆಂಪ್ಲಿಫೈಯರ್‌ನಲ್ಲಿ ಔಟ್‌ಪುಟ್‌ನ ಒಂದು ಪಾಲು ತಿರುಗಿ ಮೊದಲ ಹಂತಕ್ಕೇ ಬರುತ್ತದೆ. ಬಂದದ್ದನ್ನೂ ಹೋಗಬೇಕಾದದ್ದನ್ನೂ ಹೋಲಿಸಿ ಮೊದಲ ಹಂತ ತಪ್ಪು ತಿದ್ದುತ್ತದೆ. ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ ಅವರಿಗೆ 1927ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿಗೆ ಹೋಗುವ ಫೆರಿಯಲ್ಲಿ ಈ ಉಪಾಯ ಹೊಳೆಯಿತಂತೆ, ಕೈಯಲ್ಲಿದ್ದ ದಿನಪತ್ರಿಕೆಯ ಮೇಲೇ ಗೀಚಿಕೊಂಡರು. ನೆಗೆಟಿವ್ ಫೀಡ್‌ಬ್ಯಾಕ್ ಅನ್ನುವ ಈ ಉಪಾಯ ಇಲ್ಲದಿದ್ದರೆ ನಾವು ಕೇಳುವ ಸದ್ದು ಇಷ್ಟು ಶುದ್ಧವಾಗಿ ಇರುತ್ತಲೇ ಇರಲಿಲ್ಲ.

ಆದರೆ ಕೆಟ್ಟಾಗ ಇದೇ ಉಪಾಯ ತಲೆ ಕೆಡಿಸುತ್ತದೆ. ಒಂದು ಕಡೆ ತಪ್ಪಾದರೆ ಸುತ್ತಿನಲ್ಲಿರುವ ಎಲ್ಲರೂ ಅದನ್ನು ತಿದ್ದಲು ಹೋಗಿ ಎಲ್ಲ ಕಡೆಯ ವೋಲ್ಟೇಜೂ ತಪ್ಪಾಗಿ ಕಾಣುತ್ತದೆ. ಕೂಡುಕುಟುಂಬದ ಜಗಳದ ಹಾಗೆ, ಎಲ್ಲರ ದನಿಯೂ ಏರಿರುತ್ತದೆ, ಮೊದಲು ಶುರು ಮಾಡಿದ್ದು ಯಾರು ಅಂತ ಗೊತ್ತಾಗುವುದಿಲ್ಲ. ಅಲ್ಲಿ ಒಂದೇ ಪ್ರಶ್ನೆ ಕೇಳಬೇಕು. ಔಟ್‌ಪುಟ್ ಮೇಲಕ್ಕೆ ಹೋಗಿ ನಿಂತಿದೆ ಅಂದುಕೊಳ್ಳಿ. ಮೊದಲ ಹಂತ ಅದನ್ನು ಕೆಳಗೆ ಎಳೆಯಲು ಪ್ರಯತ್ನ ಮಾಡುತ್ತಿದೆಯೇ? ಮಾಡುತ್ತಿದ್ದರೆ ಅದು ನಿರಪರಾಧಿ, ಮಾತು ಕೇಳದವರು ಮುಂದಿನ ಹಂತಗಳಲ್ಲಿದ್ದಾರೆ. ಅದೇ ಮೇಲಕ್ಕೆ ತಳ್ಳುತ್ತಿದ್ದರೆ ತಪ್ಪು ಅಲ್ಲೇ ಇದೆ, ಇಲ್ಲವೇ ಅದಕ್ಕೆ ಸುದ್ದಿ ಮುಟ್ಟಿಸುವ ಫೀಡ್‌ಬ್ಯಾಕ್ ದಾರಿಯಲ್ಲಿದೆ. ಈ ಒಂದು ಪ್ರಶ್ನೆ ಬೋರ್ಡನ್ನು ಎರಡು ಭಾಗ ಮಾಡಿಬಿಡುತ್ತದೆ. ಬೋರ್ಡಿನ ಟ್ರಾನ್ಸಿಸ್ಟರ್‌ಗಳನ್ನೆಲ್ಲ ಒಂದೊಂದಾಗಿ ಕಿತ್ತು ಮೀಟರ್ ಹಚ್ಚುವುದಕ್ಕಿಂತ ಇದು ಎಷ್ಟೋ ಬೇಗ.

ಮಾವನ ಸೆಟ್ಟಿನಲ್ಲಿ ದೊಡ್ಡ ಟ್ರಾನ್ಸಿಸ್ಟರ್‌ಗಳನ್ನು ನಡೆಸುವ ಡ್ರೈವರ್ ಟ್ರಾನ್ಸಿಸ್ಟರ್‌ಗಳ ರೆಸಿಸ್ಟರ್ ನೇರ ಔಟ್‌ಪುಟ್ ಲೈನಿಗೆ ಸೇರಿತ್ತು. ಹಾಗಾಗಿ ದೊಡ್ಡ ಟ್ರಾನ್ಸಿಸ್ಟರ್‌ಗಳು ಇಲ್ಲದಿದ್ದರೂ ಫೀಡ್‌ಬ್ಯಾಕ್ ಸುತ್ತು ಪೂರ್ತಿ ಇತ್ತು. ಔಟ್‌ಪುಟ್‌ನಲ್ಲಿ ಡಿಸಿ ಅಳೆದೆ. ಕೆಲವೇ ಮಿಲಿವೋಲ್ಟ್. ಅಂದರೆ ಮೊದಲ ಹಂತ ಸರಿ, ಎರಡನೇ ಹಂತ ಸರಿ, ಡ್ರೈವರ್‌ಗಳೂ ಸರಿ. ಉಳಿದದ್ದು ಬಯಾಸ್ ಕೊಡುವ ಜಾಗ ಒಂದೇ.

ಪ್ರೀಸೆಟ್

ಬಯಾಸ್ ನೋಡಿಕೊಳ್ಳುವುದು ಒಂದು ಸಣ್ಣ ಟ್ರಾನ್ಸಿಸ್ಟರ್. ಅದನ್ನು ಹೀಟ್‌ಸಿಂಕಿಗೇ ಅಂಟಿಸಿರುತ್ತಾರೆ. ಕಾರಣ ಇದೆ. ಟ್ರಾನ್ಸಿಸ್ಟರ್ ಬಿಸಿಯಾದಷ್ಟೂ ಅದರ ಬೇಸಿಗೆ (ಕರೆಂಟನ್ನು ಹತೋಟಿಯಲ್ಲಿಡುವ ಕಾಲಿಗೆ) ಬೇಕಾದ ವೋಲ್ಟೇಜು ಡಿಗ್ರಿಗೆ ಸುಮಾರು 2 ಮಿಲಿವೋಲ್ಟಿನಂತೆ ಇಳಿಯುತ್ತದೆ. ಕೊಡುವ ವೋಲ್ಟೇಜನ್ನು ಇಳಿಸದೆ ಹಾಗೇ ಬಿಟ್ಟರೆ ಕರೆಂಟು ಏರುತ್ತದೆ, ಇನ್ನೂ ಬಿಸಿಯಾಗುತ್ತದೆ, ಇನ್ನೂ ಏರುತ್ತದೆ, ಕೊನೆಗೆ ಸುಡುತ್ತದೆ. ಹೀಟ್‌ಸಿಂಕಿನ ಬಿಸಿ ನೋಡಿಕೊಂಡು ವೋಲ್ಟೇಜು ಇಳಿಸುವುದು ಈ ಸಣ್ಣ ಟ್ರಾನ್ಸಿಸ್ಟರಿನ ಕೆಲಸ. ಎಷ್ಟು ಕೊಡಬೇಕು ಅಂತ ಅದಕ್ಕೆ ಹೇಳುವುದು ಒಂದು ಪ್ರೀಸೆಟ್. ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸುವ, ಬೆರಳ ಉಗುರಿನಷ್ಟು ದೊಡ್ಡ, ಮೇಲೆ ತೆರೆದಿರುವ ಪಾರ್ಟು. ಕಂದು ಇಂಗಾಲದ ಪಟ್ಟಿಯ ಮೇಲೆ ಒಂದು ತೆಳು ಲೋಹದ ಬೆರಳು ಉಜ್ಜಿಕೊಂಡು ಕೂತಿರುತ್ತದೆ.

ಮೀಟರ್ ಹಚ್ಚಿ ಎರಡು ಡ್ರೈವರ್ ಬೇಸ್‌ಗಳ ನಡುವೆ ಅಳೆದೆ. 2.3 ವೋಲ್ಟ್. ಎಷ್ಟಿರಬೇಕೋ ಅಷ್ಟೇ. ಊದುಬತ್ತಿಯ ಕಡ್ಡಿ ತೆಗೆದುಕೊಂಡು ಬೋರ್ಡಿನ ಮೇಲೆ ಒಂದೊಂದೇ ಪಾರ್ಟನ್ನು ಮೆಲ್ಲಗೆ ಒತ್ತುತ್ತಾ ಹೋದೆ. ಕೆಪಾಸಿಟರ್, ಏನಿಲ್ಲ. ರೆಸಿಸ್ಟರ್, ಏನಿಲ್ಲ. ಪ್ರೀಸೆಟ್ಟಿನ ಬೆರಳಿಗೆ ಕಡ್ಡಿ ತಾಗಿತು. 2.3 ಇದ್ದದ್ದು ಒಮ್ಮೆಲೇ 4 ದಾಟಿತು. ಕಡ್ಡಿ ಎತ್ತಿದೆ, ಮತ್ತೆ 2.3. ಮತ್ತೆ ತಾಗಿಸಿದೆ, ಮತ್ತೆ 4 ದಾಟಿತು. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಜಾಗದಲ್ಲಿದ್ದಿದ್ದರೆ, ಸೀರೀಸ್ ಬಲ್ಬ್ ಇಲ್ಲದಿದ್ದರೆ, ಆ ಕ್ಷಣಕ್ಕೇ ಹೋಗಿರುತ್ತಿದ್ದವು. ಅತ್ತೆಯನ್ನು ಕರೆದು ಮೀಟರ್ ತೋರಿಸಿದೆ. "ಇಷ್ಟು ಸಣ್ಣದಾ?" ಅಂದರು.

ಭೂತಗನ್ನಡಿಯಲ್ಲಿ ನೋಡಿದರೆ ಬೆರಳು ಪಟ್ಟಿಯ ಮೇಲೆ ಕೂತ ಜಾಗದಲ್ಲಿ ಹಸಿರು ಕಿಲುಬು. ಸಮುದ್ರದಿಂದ ಅಷ್ಟು ಹತ್ತಿರದ ಮನೆ, ವರ್ಷಕ್ಕೆ ನಾಲ್ಕು ತಿಂಗಳು ಮಳೆ, ಗಾಳಿಯಲ್ಲೇ ಉಪ್ಪು. ಬಲ ಚಾನೆಲ್‌ನ ಪ್ರೀಸೆಟ್ ಮುಚ್ಚಳದ ಗಾಳಿಕಿಂಡಿಗಳ ನೇರ ಕೆಳಗಿದೆ. ಎಡದ್ದು ಒಂದು ವೈರಿನ ಕಟ್ಟಿನ ಮರೆಯಲ್ಲಿದೆ. ಎಡ ಉಳಿದು ಬಲ ಕೆಟ್ಟಿದ್ದು ಅದಕ್ಕೇ ಅಂತ ನನ್ನ ಊಹೆ.

ಆಗ ಆ "ಕೆಲವು ತಿಂಗಳು ಸರಿ ಇರುತ್ತೆ" ಅನ್ನುವುದರ ಗುಟ್ಟೂ ಬಿಚ್ಚಿಕೊಂಡಿತು. ಹೊಸ ಟ್ರಾನ್ಸಿಸ್ಟರ್ ಹಾಕಿದ ಮೇಲೆ ಅಂಗಡಿಯವರು ಬಯಾಸ್ ಹೊಂದಿಸಲು ಪ್ರೀಸೆಟ್ ತಿರುಗಿಸುತ್ತಾರೆ. ಆ ಕಡೆ ಈ ಕಡೆ ತಿರುಗಿಸುವಾಗ ಬೆರಳು ಪಟ್ಟಿಯನ್ನು ಉಜ್ಜಿ ಕಿಲುಬು ಹೋಗುತ್ತದೆ. ನಿಜವಾದ ದೋಷ ಆ ಹೊತ್ತಿಗೆ ಸರಿಯಾಗಿಬಿಡುತ್ತದೆ! ಮಾಡಿದವರಿಗೂ ಗೊತ್ತಾಗುವುದಿಲ್ಲ, ಮಾಡಿಸಿದವರಿಗೂ ಗೊತ್ತಾಗುವುದಿಲ್ಲ. ಇನ್ನೊಂದು ಮಳೆಗಾಲ ಬಂದು ಮತ್ತೆ ಕಿಲುಬು ಹಿಡಿದು ಬೆರಳು ಬಿಟ್ಟಾಗ ಬಯಾಸ್ ಟ್ರಾನ್ಸಿಸ್ಟರ್‌ಗೆ ಹೇಳುವವರು ಇಲ್ಲವಾಗುತ್ತಾರೆ. ಅದು ಕೆಲಸ ನಿಲ್ಲಿಸುತ್ತದೆ, ಬಯಾಸ್ ಪೂರ್ತಿ ಏರುತ್ತದೆ, ದೊಡ್ಡ ಟ್ರಾನ್ಸಿಸ್ಟರ್‌ಗಳು ಸಾಯುತ್ತವೆ.

ಇಲ್ಲಿ ನನಗೆ ಆ ಸರ್ಕಿಟ್ ಬರೆದವರ ಮೇಲೆ ನಿಜವಾಗಿಯೂ ಬೇಸರ ಇದೆ. ಪ್ರೀಸೆಟ್ ಒಂದಲ್ಲ ಒಂದು ದಿನ ಕಾಂಟ್ಯಾಕ್ಟ್ ಬಿಡುತ್ತದೆ ಅಂತ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಅದನ್ನು ಬಯಾಸ್ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ಅನ್ನುವ ಎರಡು ಕಾಲುಗಳ ನಡುವೆ ಹಾಕಿ, ಬೆರಳನ್ನು ಒಂದು ತುದಿಗೆ ಸೇರಿಸಿಬಿಟ್ಟರೆ, ಕಾಂಟ್ಯಾಕ್ಟ್ ಬಿಟ್ಟಾಗ ಬಯಾಸ್ ಏರುವ ಬದಲು ಇಳಿಯುತ್ತದೆ. ಸದ್ದು ಸ್ವಲ್ಪ ಒರಟಾಗುತ್ತದೆ, ಕೇಳುವವರಿಗೆ ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತದೆ, ಏನೂ ಸುಡುವುದಿಲ್ಲ. ಒಂದು ಪೈಸೆ ಜಾಸ್ತಿ ಖರ್ಚಿಲ್ಲ. ಬೋರ್ಡಿನ ಮೇಲೆ ಒಂದು ಗೆರೆ ಬೇರೆ ಕಡೆ ಎಳೆದರೆ ಸಾಕಿತ್ತು.

ನಾನು ಆ ಗೆರೆಯನ್ನು ಬದಲಿಸಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ನೀಲಿ ಬಣ್ಣದ, ಮುಚ್ಚಿದ ಮೈಯ ಮಲ್ಟಿಟರ್ನ್ ಟ್ರಿಮ್‌ಪಾಟ್ (ಇದೂ ಪ್ರೀಸೆಟ್ಟೇ) ಹಾಕಿ, ಬೇಸ್ ಮತ್ತು ಎಮಿಟರ್ ನಡುವೆ ಸೇರಿಸಿ, ಮೇಲಿನ ರೆಸಿಸ್ಟರ್ ಅದಕ್ಕೆ ತಕ್ಕಂತೆ ಬದಲಾಯಿಸಿದೆ. ಎಡ ಚಾನೆಲ್‌ಗೂ ಹಾಗೇ ಮಾಡಿದೆ. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಮಾತ್ರ ಅಲ್ಲಿ ರಸ್ತೆಯಲ್ಲಿ ಕೊಳ್ಳಲಿಲ್ಲ, ಅಧಿಕೃತ ವಿತರಕರಿಂದ ತರಿಸಿದೆ. ದೊಡ್ಡ ಆಡಿಯೋ ಟ್ರಾನ್ಸಿಸ್ಟರ್‌ಗಳಲ್ಲಿ ನಕಲಿ ಮಾಲು ವಿಪರೀತ. 2ಎಸ್‌ಸಿ5200, 2ಎಸ್‌ಎ1943 ಜೋಡಿಯನ್ನೇ ತೆಗೆದುಕೊಳ್ಳಿ. ಮೈಮೇಲೆ ಅಸಲಿಯ ಅಕ್ಷರ, ಒಳಗೆ ಅದರ ಅರ್ಧ ಕರೆಂಟೂ ತಾಳದ ಸಣ್ಣ ಚಿಪ್ ಇರುವ ನಕಲಿಗಳು ಓಡಾಡುತ್ತವೆ. ಅಂಥವನ್ನು ಹಾಕಿದರೆ ಬಯಾಸ್ ಸರಿ ಇದ್ದರೂ ಚೆಂಡೆಯ ಪೆಟ್ಟಿಗೆ ಹೋಗುತ್ತವೆ. ಆಗ ಮತ್ತೆ ವಾಲ್ಯೂಮ್ ಮೇಲೆ ಆರೋಪ.

ಹುಡುಕುವ ಹೊತ್ತಿಗೆ ದುಡ್ಡು

ಇಷ್ಟು ಬರೆದ ಮೇಲೆ ಅಂಗಡಿಯವರನ್ನು ಬೈಯುತ್ತಿದ್ದೇನೆ ಅನ್ನಿಸಬಾರದು. ಅವರ ಕಡೆಯಿಂದ ನೋಡಿ. ಸರ್ಕಿಟ್ ಡಯಾಗ್ರಾಂ ಇಲ್ಲ. ಗಿರಾಕಿಗೆ ಸಂಜೆಯೊಳಗೆ ಬೇಕು. ಬಿಲ್ಲಿನಲ್ಲಿ ಟ್ರಾನ್ಸಿಸ್ಟರ್ ಇಷ್ಟು ಅಂತ ಬರೆದರೆ ನಾವು ಕೊಡುತ್ತೇವೆ. "ಒಂದು ದಿನ ಕೂತು ಕಾರಣ ಹುಡುಕಿದೆ, ಹಾಕಿದ್ದು ಒಂದು ಸಣ್ಣ ಪ್ರೀಸೆಟ್" ಅಂತ ಬರೆದರೆ ಚೌಕಾಶಿ ಶುರು ಮಾಡುತ್ತೇವೆ. ಪಾರ್ಟಿಗೆ ದುಡ್ಡು ಕೊಡುವ ನಾವು ಹುಡುಕುವ ಹೊತ್ತಿಗೆ ಕೊಡುವುದಿಲ್ಲ. ಹಾಗಿರುವಾಗ ಪಾರ್ಟು ಬದಲಿಸುವವರೇ ಅಂಗಡಿಯಲ್ಲಿ ಉಳಿಯುತ್ತಾರೆ, ಹುಡುಕುವವರು ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಬಸ್‌ಸ್ಟ್ಯಾಂಡ್ ಪಕ್ಕದ ಆ ಅಂಗಡಿ ಈಗ ಮೊಬೈಲ್ ಕವರ್ ಮಾರುತ್ತದೆ.

ಗೆಳತಿಯೊಬ್ಬಳ ಮನೆಯಲ್ಲೂ ಇದೇ ಆಗಿತ್ತು. ಆಂಪ್ಲಿಫೈಯರ್‌ನಲ್ಲಿ 'ಗುಂಯ್' ಅನ್ನುವ ಹಮ್ಮಿಂಗ್. ಅಂಗಡಿಯವರು ಫಿಲ್ಟರ್ ಕೆಪಾಸಿಟರ್ ಬದಲಿಸಿದರು, ಗುಂಯ್‌ಗುಡುವುದು ನಿಲ್ಲಲಿಲ್ಲ. ಕೆಪಾಸಿಟರ್ ಒಣಗಿದ್ದರೆ ಬರುವ ಹಮ್ಮಿಂಗ್ 100 ಹರ್ಟ್ಸ್‌ನದು, ಯಾಕೆಂದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ 50 ಹರ್ಟ್ಸ್‌ನ ಎರಡೂ ಅರ್ಧಗಳನ್ನು ಮೇಲಕ್ಕೆ ಮಡಚಿರುತ್ತದೆ. ಹೊರಗಿನ ವೈರಿಂದ, ಅರ್ತ್‌ನ ಸುತ್ತಿನಿಂದ ಬರುವುದರಲ್ಲಿ ಅದರ ಕೆಳಗಿನ 50 ಹರ್ಟ್ಸ್ ಎದ್ದು ಕೇಳುತ್ತದೆ. ಎರಡಕ್ಕೂ ಸರಿಯಾಗಿ ಒಂದು ಸ್ಥಾಯಿಯ ಅಂತರ. ಸಂಗೀತ ಕಲಿತ ಗೆಳತಿಗೆ ಮೊಬೈಲಿನಲ್ಲಿ ಎರಡೂ ಸ್ವರ ಹಾಕಿ ಇಯರ್‌ಫೋನ್ ಕೊಟ್ಟೆ. (ಮೊಬೈಲಿನ ಸ್ವಂತ ಸ್ಪೀಕರ್‌ನಲ್ಲಿ 50 ಹರ್ಟ್ಸ್ ಕೇಳುವುದೇ ಇಲ್ಲ.) "ನಮ್ಮದು ಕೆಳಗಿನ ಸ್ಥಾಯಿ" ಅಂದಳು. ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಟಿವಿ ವೈರ್ ಕಿತ್ತೆವು. ಮೌನ. ಅವಳ ಕೆಪಾಸಿಟರ್ ಮೊದಲಿಂದಲೂ ಸರಿಯಾಗೇ ಇತ್ತು.

ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿಗೆ ಅಂತ ಒಂದು ಸಮಿತಿ ಮಾಡಿ, ವರ್ಷದ ಕೊನೆಗೆ ಪೋರ್ಟಲ್ ತೆರೆಯಿತು. ಒಳ್ಳೆಯದೇ. ನನ್ನ ಆಸೆ ಅದಕ್ಕಿಂತ ಹಳೆಯದು. ವಾಲ್ವ್ ರೇಡಿಯೋ ಕಾಲದ ಎಷ್ಟೋ ಸೆಟ್ಟುಗಳಲ್ಲಿ ಸರ್ಕಿಟ್ ಡಯಾಗ್ರಾಂ ಪೆಟ್ಟಿಗೆಯ ಒಳಗೇ ಅಂಟಿಸಿರುತ್ತಿದ್ದರು. ಬಿಚ್ಚಿದವರಿಗೆ ದಾರಿ ಅಲ್ಲೇ ಸಿಗುತ್ತಿತ್ತು. ಈಗಿನ ಪೆಟ್ಟಿಗೆಗಳಲ್ಲಿ "ಬಿಚ್ಚಬೇಡಿ" ಅನ್ನುವ ಸ್ಟಿಕ್ಕರ್ ಮಾತ್ರ ಇರುತ್ತದೆ.

ಹೊಸ ಜೋಡಿ ಹಾಕಿ, ಸೀರೀಸ್ ಬಲ್ಬಿನಲ್ಲಿ ಒಮ್ಮೆ ನೋಡಿ, ಆಮೇಲೆ ನೇರ ಪ್ಲಗ್ಗಿಗೆ ಹಾಕಿ ಬಯಾಸ್ ಹೊಂದಿಸಿದೆ. ಎಮಿಟರ್ ರೆಸಿಸ್ಟರ್ 0.22 ಓಮ್, ಅದರ ಮೇಲೆ 11 ಮಿಲಿವೋಲ್ಟ್ ಬಂದರೆ 50 ಮಿಲಿಆಂಪ್. ಸೆಟ್ಟು ಬೆಚ್ಚಗಾಗುವವರೆಗೂ ಕಾದು ಮತ್ತೆ ನೋಡಿ ತಿದ್ದಿದೆ. ಊದುಬತ್ತಿ ಕಡ್ಡಿಯಿಂದ ಬೋರ್ಡ್ ಪೂರ್ತಿ ಒತ್ತಿ ನೋಡಿದೆ, ಮೀಟರ್ ಅಲುಗಲಿಲ್ಲ. ಮಾವ ಬಂದು ಕ್ಯಾಸೆಟ್ ಹಾಕಿ ಅಭ್ಯಾಸದಂತೆ ನಾಬನ್ನು ಒಂದಿಷ್ಟೇ ತಿರುಗಿಸಿದರು. "ಇನ್ನೂ ಏರಿಸಿ ಮಾವ, ಅದಕ್ಕೇನೂ ಆಗುವುದಿಲ್ಲ" ಅಂದೆ. "ಹೌದಾ? ಗ್ಯಾರಂಟಿಯಾ?" ಅಂತ ಕೇಳಿ ಏರಿಸಿದರು. ಭಾಗವತರ ಪದ ಅಡುಗೆಮನೆಗೂ ಕೇಳಿತು.

ಮುಚ್ಚಳ ಹಾಕುವ ಮೊದಲು ಒಂದು ಚೀಟಿ ಬರೆದು ಒಳಗೆ ಅಂಟಿಸಿದೆ. ಮುಂದೆ ಯಾರು ಬಿಚ್ಚುತ್ತಾರೋ ಗೊತ್ತಿಲ್ಲ, ಅವರಿಗೆ ನನ್ನ ಹಾಗೆ ಮೊದಲಿಂದ ಹುಡುಕುವ ಕೆಲಸ ಬೇಡ. ಚೀಟಿಯಲ್ಲಿರುವುದು ಇಷ್ಟು: "ಎರಡೂ ಚಾನೆಲ್ ಬಯಾಸ್ ಪ್ರೀಸೆಟ್ ಬದಲಿಸಿದೆ. ಈಗ ಬೇಸ್-ಎಮಿಟರ್ ನಡುವೆ ಇದೆ, ಹಳೆಯ ಜಾಗಕ್ಕೆ ಹಾಕಬೇಡಿ. ಬಯಾಸ್ 0.22 ಓಮ್ ಮೇಲೆ 11 ಮಿಲಿವೋಲ್ಟ್, ಬೆಚ್ಚಗಾದ ಮೇಲೆ ಅಳೆಯಿರಿ. ಬಲ ಚಾನೆಲ್ ಪದೇ ಪದೇ ಸುಡುತ್ತಿದ್ದುದು ಹಳೆಯ ಪ್ರೀಸೆಟ್ಟಿನಿಂದ. ವಾಲ್ಯೂಮ್‌ನಿಂದ ಅಲ್ಲ. ವೋಲ್ಟೇಜ್ ಸೆಲೆಕ್ಟರ್ 240ರಲ್ಲೇ ಇರಲಿ."